‘ಫೈನಾನ್ಷಿಯಲ್ ಫೇರ್ ಪ್ಲೇ’ಗೆ ಕನ್ನಡದಲ್ಲಿ ಏನನ್ನಬೇಕು? ‘ಅಮಾರ್ಟೈಸೇಷನ್’ ಎಂದರೆ ಕಂತೇ?

ಪ್ರಶ್ನೆ (ಮೈಸೂರಿನಿಂದ)

ಬಲ್ಲವರಿಗೆ ನಮಸ್ಕಾರ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಖರ್ಚಿಗೆ ಕಡಿವಾಣ ಹಾಕುವ ನಿಯಮಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾಲ್ಕು ಪದ ತೊಡಕಾಗಿವೆ. ಫೈನಾನ್ಷಿಯಲ್ ಫೇರ್ ಪ್ಲೇಗೆ ‘ಆರ್ಥಿಕ ನ್ಯಾಯಯುತ ಆಟ’, ಓವರ್‌ಸ್ಪೆಂಡಿಂಗ್‌ಗೆ ‘ದುಂದುವೆಚ್ಚ’, ಅಮಾರ್ಟೈಸೇಷನ್‌ಗೆ ‘ಕಂತು’ ಎಂದು ಹಾಕಿದೆ. ಬ್ರೇಕ್ ಈವನ್‌ಗೆ ಏನೂ ಹೊಳೆದಿಲ್ಲ. ಆಟಗಾರನ ಖರೀದಿ ಬಗ್ಗೆ ಕರಡಿನ ವಾಕ್ಯವೊಂದು: ‘10 ಕೋಟಿ ಯೂರೋ ವರ್ಗಾವಣೆ ಶುಲ್ಕವನ್ನು ಕ್ಲಬ್ ಎಂಟು ವರ್ಷದ ಕಂತುಗಳಲ್ಲಿ ತೀರಿಸಿ ದುಂದುವೆಚ್ಚದ ನಿಯಮದಿಂದ ಪಾರಾಗುತ್ತಿತ್ತು.’ ಅರ್ಥ ಸರಿಯಾಗಿ ದಾಟಿದೆಯೆ?

ಉತ್ತರ (ಮಂಡ್ಯದಿಂದ)

ನಮಸ್ಕಾರ ಮೇಡಂ. ವಾಕ್ಯ ಸರಾಗವಾಗಿದೆ, ಆದರೆ ಅರ್ಥ ದಾಟಿಲ್ಲ.

ಮೊದಲು ಹೆಸರು. ‘ನ್ಯಾಯಯುತ ಆಟ’ ಎಂದೊಡನೆ ಓದುಗರ ಕಣ್ಣಿಗೆ ಬರುವುದು ಮೈದಾನ, ರೆಫರಿ, ಹಳದಿ ಕಾರ್ಡು. ಈ ನಿಯಮಕ್ಕೂ ಮೈದಾನದ ನಡತೆಗೂ ಸಂಬಂಧವಿಲ್ಲ. 2010ರಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯೂಫಾ ಇದನ್ನು ತಂದಾಗ ಆ ಹೆಸರಿತ್ತು. 2022ರ ಹೊಸ ನಿಯಮಾವಳಿಯಲ್ಲಿ ಅವರೇ ಅದನ್ನು ಕೈಬಿಟ್ಟು ‘ಹಣಕಾಸಿನ ಸುಸ್ಥಿರತೆ’ ಎಂಬರ್ಥದ ಹೆಸರಿಟ್ಟರು. ನಿಯಮ ಅಳೆಯುವುದು ನಷ್ಟವನ್ನು, ಆದ್ದರಿಂದ ‘ನಷ್ಟಮಿತಿ ನಿಯಮ’ ಎನ್ನಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 2025-26ರ ಋತುವಿನವರೆಗಿನ ನಿಯಮಕ್ಕಂತೂ ಇದು ಹೇಳಿ ಮಾಡಿಸಿದಂತಿದೆ: ಮೂರು ವರ್ಷಕ್ಕೆ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರಬಾರದಿತ್ತು, ಅದರಲ್ಲೂ 1.5 ಕೋಟಿಗಿಂತ ಹೆಚ್ಚಿನದಕ್ಕೆ ಮಾಲೀಕರು ಬಂಡವಾಳ ಹಾಕಿ ತುಂಬಿಕೊಡಬೇಕಿತ್ತು. ಇಲ್ಲಿ ‘ಸಾಲ’ ಎಂದು ಬರೆದರೆ ತಪ್ಪಾಗುತ್ತದೆ. ಮಾಲೀಕರು ಕೊಟ್ಟ ಕೈಗಡ ಬಂಡವಾಳವಲ್ಲ.

‘ದುಂದುವೆಚ್ಚ’ದಲ್ಲಿ ಬೈಗುಳವಿದೆ, ಹಣ ಪೋಲಾಯಿತು ಎಂಬ ತೀರ್ಪಿದೆ. ಒಳ್ಳೆಯ ಆಟಗಾರನಿಗೆ ತಕ್ಕ ಬೆಲೆಯನ್ನೇ ಕೊಟ್ಟೂ ಕ್ಲಬ್ ನಿಯಮ ಮುರಿಯಬಹುದು. ಅತ್ತ ಕ್ರೀಡಾಂಗಣ, ಎಳೆಯರ ತರಬೇತಿ, ಮಹಿಳಾ ತಂಡಕ್ಕೆ ಎಷ್ಟು ಸುರಿದರೂ ಆ ಖರ್ಚನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ‘ಆದಾಯ ಮೀರಿದ ಖರ್ಚು’ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವಾಗಲೂ ನಾವು ಕಾಲನ್ನು ದೂರುವುದಿಲ್ಲವಲ್ಲ.

ಬ್ರೇಕ್ ಈವನ್‌ಗೆ ಪದ ಹುಡುಕಿ ಹೋಗಬೇಕಿಲ್ಲ. ‘ಸರಿದೂಗು’ ಎಂಬುದು ಸರಿ, ತೂಗು ಎರಡೂ ಕೂಡಿದ ಅಚ್ಚ ಮಾತು: ಆದಾಯ, ವೆಚ್ಚ ಸರಿದೂಗಬೇಕು. ‘ಅಸಲು ಗಿಟ್ಟು’ ನಮ್ಮ ಕಡೆ ಜೀವಂತವಾಗಿದ್ದರೂ ಅದು ಒಂದು ಬೆಳೆಗೆ, ಒಂದು ವ್ಯಾಪಾರಕ್ಕೆ ಒಪ್ಪುತ್ತದೆ. ವರ್ಷದ ಲೆಕ್ಕಕ್ಕೆ ಕೂಡುವುದಿಲ್ಲ.

ನಿಜವಾಗಿ ಎಡವಿರುವುದು ‘ಕಂತು’ ಎಂಬಲ್ಲಿ. ಕಂತು ಎಂದರೆ ಕೈಯಿಂದ ದುಡ್ಡು ಹೋಗುವ ಬಗೆ. ಹಣವನ್ನು ಮೊದಲ ದಿನವೇ ಪೂರಾ ಎಣಿಸಿ ಕೊಟ್ಟರೂ, ಮೂರು ಕಂತಿನಲ್ಲಿ ಕೊಟ್ಟರೂ ಅಮಾರ್ಟೈಸೇಷನ್ ಬದಲಾಗದು. ಖರ್ಚನ್ನು ಯಾವ ಯಾವ ವರ್ಷಕ್ಕೆ ಹಚ್ಚಬೇಕು ಎಂಬ ಪುಸ್ತಕದ ಲೆಕ್ಕ ಅದು. ತೆಂಗಿನ ತೋಟವನ್ನು ಐದು ವರ್ಷಕ್ಕೆ ಗುತ್ತಿಗೆ ಹಿಡಿದು 5 ಲಕ್ಷ ರೂಪಾಯಿ ಮುಂಗಡ ಕೊಟ್ಟವರು ಅಷ್ಟನ್ನೂ ಮೊದಲ ವರ್ಷದ ಖರ್ಚೆಂದು ಬರೆಯುವುದಿಲ್ಲ, ವರ್ಷಕ್ಕೆ 1 ಲಕ್ಷ ಹಚ್ಚುತ್ತಾರೆ. ಕ್ಲಬ್ ಕೊಳ್ಳುವುದೂ ಆಳನ್ನಲ್ಲ, ಒಪ್ಪಂದದ ಅವಧಿಯ ನೋಂದಣಿ ಹಕ್ಕನ್ನು, ಅಂದರೆ ಆಟಗಾರನನ್ನು ತನ್ನ ಪರ ಆಡಿಸುವ ಹಕ್ಕನ್ನು. 10 ಕೋಟಿ ಯೂರೋಗೆ ಐದು ವರ್ಷದ ಒಪ್ಪಂದವಾದರೆ ವರ್ಷಕ್ಕೆ 2 ಕೋಟಿ ವೆಚ್ಚ. ಮೂರು ವರ್ಷದ ಮೇಲೆ ಆ ಆಟಗಾರನನ್ನು 6 ಕೋಟಿಗೆ ಮಾರಿದರೆ ಪುಸ್ತಕದಲ್ಲಿ ಉಳಿದಿದ್ದ 4 ಕೋಟಿ ಕಳೆದು 2 ಕೋಟಿ ಲಾಭ. ಕ್ಲಬ್ಬೇ ಬೆಳೆಸಿದ ಹುಡುಗನಾದರೆ 6 ಕೋಟಿಯೂ ಲಾಭವೇ. ಊರಿನ ಹುಡುಗರನ್ನೇ ಮೊದಲು ಮಾರುವ ಕೆಟ್ಟ ಚಾಳಿ ಹುಟ್ಟಿದ್ದು ಇಲ್ಲಿಂದ.

ಪಠ್ಯಪುಸ್ತಕದ ‘ಸವಕಳಿ’ ಬೇಡ. ಪುಸ್ತಕಮೌಲ್ಯ ಇಳಿಯುತ್ತಿರುವಾಗಲೇ ಆಟಗಾರನ ಬೆಲೆ ಏರುತ್ತಿರಬಹುದು, ಅಲ್ಲಿ ಸವೆಯುವುದೇನೂ ಇಲ್ಲ. ‘ವರ್ಷವಾರು ಹಂಚಿಕೆ’ ಎನ್ನಿ.

‘ಲೆಕ್ಕದ ವರ್ಷ’ ಎಂಬುದನ್ನೂ ಬಿಡಿಸಿ ಹೇಳಿ. ನಮಗೆ ಅದು ಮಾರ್ಚ್ 31ಕ್ಕೆ ಮುಗಿದರೆ ಪ್ರೀಮಿಯರ್ ಲೀಗ್‌ನ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಜೂನ್ 30. ಆಟಗಾರ ಬ್ರೆನನ್ ಜಾನ್ಸನ್‌ರನ್ನು ಆ ಕ್ಲಬ್ಬಿನವರು ಮಾರಿದ್ದು 2023ರ ಸೆಪ್ಟೆಂಬರಿನಲ್ಲಿ. ಆ ಹಣ ಹಿಂದಿನ ವರ್ಷಕ್ಕೆ ಸೇರದೆ ನಷ್ಟ ಮಿತಿ ಮೀರಿ 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತವಾಯಿತು. ಅದೇ ಲೀಗ್‌ನ ಎವರ್ಟನ್ ಕ್ಲಬ್‌ಗೆ 10 ಅಂಕ ಕಡಿದು, ಮೇಲ್ಮನವಿಯಲ್ಲಿ 6ಕ್ಕೆ ಇಳಿಸಿದ್ದೂ ಇದೇ ಅವಧಿಯಲ್ಲಿ. ‘ಅಂಕ ಕಡಿತ’ಕ್ಕೆ ಬೇರೆ ಪದ ಬೇಕಿಲ್ಲ.

‘ಬಾಕಿ’ಯನ್ನು ಮಾತ್ರ ಎಚ್ಚರದಿಂದ ಬಳಸಿ. ಬೇರೆ ಕ್ಲಬ್, ಆಟಗಾರರು, ತೆರಿಗೆ ಇಲಾಖೆಗೆ ಕೊಡಬೇಕಾದ್ದೆಲ್ಲ ತಪ್ಪಲ್ಲ, ಗಡುವು ದಾಟಿದ್ದು ತಪ್ಪು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ಆಮೇಲಿನದು ಬಾಕಿ; ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಯೂಫಾ ಇದನ್ನು ಜುಲೈ, ಅಕ್ಟೋಬರ್, ಜನವರಿ ತಿಂಗಳ 15ರಂದು ನೋಡುತ್ತದೆ. ‘ಗಡುವು ಮೀರಿದ ಬಾಕಿ’ ಎಂದೇ ಬರೆಯಿರಿ.

‘ವರ್ಗಾವಣೆ ಶುಲ್ಕ’ ಓದಿದರೆ ತಹಶೀಲ್ದಾರರ ವರ್ಗಾವಣೆ ನೆನಪಾಗುತ್ತದೆ, ಶುಲ್ಕವೋ ಸರ್ಕಾರಕ್ಕೆ ಕಟ್ಟುವಂಥದು. ‘ಖರೀದಿ ಮೊತ್ತ’ ಆಗಬಹುದು.

ನಿಮ್ಮ ವಾಕ್ಯ ಹೀಗಿರಲಿ: ‘10 ಕೋಟಿ ಯೂರೋ ಖರೀದಿ ಮೊತ್ತವನ್ನು ಕ್ಲಬ್ ಎಂಟು ವರ್ಷಗಳ ಲೆಕ್ಕಕ್ಕೆ ಹಂಚಿ, ವರ್ಷಕ್ಕೆ 1.25 ಕೋಟಿಯನ್ನಷ್ಟೇ ವೆಚ್ಚವಾಗಿ ತೋರಿಸಿ ನಷ್ಟಮಿತಿಯೊಳಗೆ ಉಳಿಯುತ್ತಿತ್ತು; 2023ರಲ್ಲಿ ಯೂಫಾ ಈ ಹಂಚಿಕೆಯನ್ನು ಐದು ವರ್ಷಕ್ಕೆ ಕಟ್ಟಿಹಾಕಿತು.’