ಹಣ್ಣಿನ ಬಿಯರ್: ಮೊದಲ ಗುಟುಕು ಚೆಂದ, ಅರ್ಧ ಲೋಟಕ್ಕೆ ಮುಖ ಹೊಡೆಯುತ್ತೆ. ತಪ್ಪು ಯಾರದ್ದು?

ಗುಟುಕು_21:
ಡೆಸರ್ಟ್ ಥರದ ಮೂರು ಹಣ್ಣಿನ ಬಿಯರ್ ಒಂದೇ ಕೂತಿನಲ್ಲಿ ರುಚಿ ನೋಡಬೇಕಿದೆ. ಸಿಹಿ ಸೇರಿಸಿದ ಬೆಲ್ಜಿಯಂ ಕ್ರೀಕ್ (ಚೆರ್ರಿ ಬಿಯರ್, ಆಲ್ಕೋಹಾಲ್ 3.5%), ಬ್ಲ್ಯಾಕ್‌ಬೆರಿ ತಿರುಳು, ವೆನಿಲಾ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿದ ಹುಳಿ ಬಿಯರ್ ಕ್ಯಾನ್ (7%), ರಾಸ್ಪ್‌ಬೆರಿ ಇಂಪೀರಿಯಲ್ ಸ್ಟೌಟ್ (ಹುರಿದ ಮಾಲ್ಟ್‌ನ ಕಪ್ಪು, ಗಡುಸು ಬಿಯರ್, 11%). ಇಂಥವು ಮೊದಲ ಗುಟುಕಿಗೆ ಸೊಗಸಾಗಿದ್ದು ಅರ್ಧ ಲೋಟ ಆಗುವಷ್ಟರಲ್ಲಿ ಮುಖ ಹೊಡೆಯುತ್ತವೆ. ಇದು ಬಿಯರ್‌ನ ದೋಷವೋ, ಕುಡಿಯುವ ಕ್ರಮದ ದೋಷವೋ? ಎಷ್ಟು ತಣ್ಣಗಿರಬೇಕು? ತಳದ ಗಸಿ ಕದಡಬೇಕೋ ಬೇಡವೋ? ಟಿಪ್ಪಣಿಯಲ್ಲಿ "ಜಾಮ್ ಥರ ಇದೆ" ಅನ್ನೋದು ಬಿಟ್ಟು ಏನು ಬರೆಯೋದು?

ನೊರೆಲೆಕ್ಕ:
ಬಹುಪಾಲು ಸಲ ತಪ್ಪು ಲೋಟದ್ದು. ದೊಡ್ಡ ಲೋಟದ ತುಂಬ ಸುರಿದರೆ ಕೊನೆಯ ಅರ್ಧ ತಲುಪುವಷ್ಟರಲ್ಲಿ ಗ್ಯಾಸ್ ಹೋಗಿರುತ್ತೆ, ಬಿಸಿಯೂ ಏರಿರುತ್ತೆ. ನಾಲಿಗೆ ಮೇಲೆ ಸಿಹಿಯನ್ನು ಕತ್ತರಿಸುತ್ತಿದ್ದದ್ದು ಆ ಚುರುಕು ಗುಳ್ಳೆಗಳೇ. ಅವು ಹೋದ ಮೇಲೆ ಅದೇ ಸಕ್ಕರೆ ದುಪ್ಪಟ್ಟು ಸಿಹಿ ಅನ್ನಿಸುತ್ತೆ.

ಆದ್ದರಿಂದ 250–300 ಮಿಲೀ ಹಿಡಿಯುವ, ಬಾಯಿ ಒಳಗೆ ಬಾಗಿದ ಟ್ಯುಲಿಪ್ ಲೋಟಕ್ಕೆ ಒಂದು ಸಲಕ್ಕೆ 100 ಮಿಲೀ ಮಾತ್ರ ಹಾಕಿ, ಬಾಟಲಿಗೆ ಮುಚ್ಚಳ ಒತ್ತಿ ಮತ್ತೆ ತಂಪಿಗೆ ಇಡಿ. ಲೋಟದಲ್ಲಿ ಸೋಪಿನ ಪಸೆ ಉಳಿದಿದ್ದರೆ ನೊರೆ ಕ್ಷಣದಲ್ಲಿ ಕುಸಿಯುತ್ತೆ, ಚೆನ್ನಾಗಿ ಜಾಲಿಸಿ.

ಕ್ರೀಕ್, ಹುಳಿ ಬಿಯರ್ ಎರಡನ್ನೂ 6–8 ಡಿಗ್ರಿಯಲ್ಲಿ ಶುರು ಮಾಡಿ. ಸ್ಟೌಟ್‌ಗೆ 12–14 ಬೇಕು, ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಡಿ. 4 ಡಿಗ್ರಿಯಲ್ಲಿ ಕುಡಿದರೆ ಹುರಿದ ಮಾಲ್ಟ್‌ನ ಕಹಿ ಒಂದೇ ಮುಂದೆ ಬಂದು ರಾಸ್ಪ್‌ಬೆರಿ ಮೂಗಿಗೇ ಸಿಗಲ್ಲ.

ದೋಷ ಯಾರದ್ದು ಅಂತ ತಿಳಿಯೋಕೆ ಒಂದು ಪರೀಕ್ಷೆ: ಮುಖ ಹೊಡೆಯಿತು ಅನ್ನಿಸಿದ ಕೂಡಲೇ ನೀರು ಕುಡಿದು, ಬೇರೆ ಲೋಟಕ್ಕೆ ತಣ್ಣನೆಯ ಬಾಟಲಿಯಿಂದ 30 ಮಿಲೀ ಹಾಕಿ ಕುಡಿಯಿರಿ. ಅದು ಹಗುರವಾಗಿದ್ದರೆ ದೋಷ ಕ್ರಮದ್ದು. ಅದೂ ಅಂಟಿದರೆ ಬಿಯರ್‌ನಲ್ಲೇ ಹುಳಿ, ಕಹಿ ಸಾಲದು.

ಹುಳಿಮೂಗು:
ಪರೀಕ್ಷೆ ಸರಿ. ಸರದಿಯ ಬಗ್ಗೆ ಒಂದು ಮಾತು: ಶೇಕಡಾ ನೋಡಿ ಜೋಡಿಸೋದು ಇಲ್ಲಿ ಸಾಲದು. ಸಿಹಿಯಾದ್ದು ಮೊದಲು ಹೋದರೆ ಆಮೇಲಿನದು ಬರೀ ಹುಳಿ ಅನ್ನಿಸುತ್ತೆ. ಸ್ಟೌಟ್ ಕೊನೆಗೇ ಇರಲಿ, ಅದರ ಕಹಿ, ಆಲ್ಕೋಹಾಲ್ ಎರಡೂ ನಾಲಿಗೆಯನ್ನು ಮಂಕು ಮಾಡುತ್ತವೆ. ಉಳಿದೆರಡನ್ನು ಒಂದೊಂದು ಗುಟುಕು ನೋಡಿ, ಕಡಿಮೆ ಸಿಹಿಯದನ್ನು ಮುಂದೆ ತನ್ನಿ.

ಸಿಹಿ ಕ್ರೀಕ್ ಅನ್ನು "ಔಡೆ ಕ್ರೀಕ್" (ಸಿಹಿ ಸೇರಿಸದ, ಹಳೇ ಕ್ರಮದ ಕ್ರೀಕ್) ಜೊತೆ ಹೋಲಿಸಬೇಡಿ. ಎರಡಕ್ಕೂ ಬುನಾದಿ ಲ್ಯಾಂಬಿಕ್, ಅಂದರೆ ಗಾಳಿಯ ಹಾಗೂ ಪೀಪಾಯಿಯ ಕಾಡು ಈಸ್ಟ್, ಬ್ಯಾಕ್ಟೀರಿಯಾಗಳಿಂದ ಹುದುಗಿದ ಬಿಯರ್. ಆದರೆ ಔಡೆಯಲ್ಲಿ ಹಣ್ಣಿನ ಸಕ್ಕರೆಯನ್ನು ಈಸ್ಟ್ ತಿಂದು ಮುಗಿಸಿರುತ್ತೆ, ಉಳಿಯೋದು ಹುಳಿ, ಒಗರು, ಬೀಜದ ವಾಸನೆ. ಅದಕ್ಕೆ "ಸಿಹಿ ಇಲ್ಲ" ಅಂತ ಅಂಕ ಕಳೆಯೋದು ಅನ್ಯಾಯ.

ಗಾಢತೆ ಆಲ್ಕೋಹಾಲ್‌ನಿಂದಲೇ ಬರಬೇಕಿಲ್ಲ. ಅಮೆರಿಕದ ನ್ಯೂ ಗ್ಲಾರಸ್‌ನವರ ವಿಸ್ಕಾನ್ಸಿನ್ ಬೆಲ್ಜಿಯನ್ ರೆಡ್ ಬರೀ 4%, ಆದರೆ ಪ್ರತಿ ಬಾಟಲಿಗೆ ಒಂದು ಪೌಂಡ್‌ಗಿಂತ ಹೆಚ್ಚು ಚೆರ್ರಿ. ಹಣ್ಣೇ ಮೈ ಕೊಡುತ್ತೆ.

ಲ್ಯಾಕ್ಟೋಸ್ ಅನ್ನು ಸುಮ್ಮನೆ ಬೈಯಬೇಡಿ. ಮಾಮೂಲಿ ಬಿಯರ್ ಈಸ್ಟ್ ಅದನ್ನು ತಿನ್ನಲಾರದು, ಹಾಗಾಗಿ ಉಳಿಯುತ್ತೆ, ನಿಜ. ಆದರೆ ಅದರ ಸಿಹಿ ಸಕ್ಕರೆಯ ಆರನೇ ಒಂದು ಭಾಗದಷ್ಟೇ. ಅದು ಕೊಡೋದು ದಪ್ಪ. ಅಂಟುವ ಸಿಹಿ ಹೆಚ್ಚಾಗಿ ಹುದುಗು ಮುಗಿದ ಮೇಲೆ ಸುರಿದ ತಿರುಳಿನದು. ಹಾಲು ಒಗ್ಗದವರಿಗೆ ಮಾತ್ರ ಮೊದಲೇ ಹೇಳಿಬಿಡಿ.

ಟಿಪ್ಪಣಿಗೆ: ಹಣ್ಣಿನ ಹೆಸರಿಗಿಂತ ಹಣ್ಣಿನ ಸ್ಥಿತಿ ಬರೆಯಿರಿ. ತಾಜಾವೋ, ಬೇಯಿಸಿದ್ದೋ, ಒಣಗಿದ್ದೋ, ಬಣ್ಣದ ಪೆಪ್ಪರ್ಮೆಂಟಿನ ಥರದ ವಾಸನೆಯೋ? ಸಿಪ್ಪೆ, ಬೀಜ ಗೊತ್ತಾಗುತ್ತಾ? ಚೆರ್ರಿಯಲ್ಲಿ ಬಾದಾಮಿ ವಾಸನೆ ಬಂದರೆ ಅದು ಬೀಜದಿಂದ ಬರುವ ಬೆಂಜಾಲ್ಡಿಹೈಡ್, ದೋಷವಲ್ಲ. ನುಂಗಿ ಹತ್ತು ಎಣಿಸಿ, ಆಗ ಬಾಯಲ್ಲಿ ಉಳಿದದ್ದೇನು ಬರೆಯಿರಿ. ಬರೀ ಸಿಹಿ ಉಳಿದರೆ ಎರಡನೇ ಲೋಟ ಯಾರೂ ಕೇಳಲ್ಲ. ಹುಳಿ, ಕಹಿ, ಒಗರಲ್ಲಿ ಒಂದಾದರೂ ಉಳಿದು ಬಾಯಿ ತೊಳೆಯಬೇಕು.

ಉಗುರುಬಣ್ಣ ಅಳಿಸುವ ದ್ರವದ ವಾಸನೆ, ಒದ್ದೆ ರಟ್ಟಿನ ವಾಸನೆ, ಕೆಂಪು ಹೋಗಿ ಇಟ್ಟಿಗೆ ಬಣ್ಣ, ಇವು ದೋಷ. ವಿನೆಗರ್ ಸುಳಿವು ಕ್ರೀಕ್‌ನಲ್ಲಿ ಚೂರು ಇದ್ದರೆ ಸರಿ, ಗಂಟಲು ಸುಟ್ಟರೆ ಅಲ್ಲ. ವೆನಿಲಾ ಹಾಕಿದ್ದರಲ್ಲಿ ಒಂದು ಮೋಸ ಇದೆ: ಹುದುಗುವಾಗ ಹುಟ್ಟುವ ಡೈಅಸಿಟೈಲ್ ಅನ್ನೋ ವಸ್ತುವಿನ ಬೆಣ್ಣೆ ವಾಸನೆಯನ್ನು (ಅದು ದೋಷ) ಜನ "ಕೆನೆ" ಅಂತ ಹೊಗಳಿಬಿಡ್ತಾರೆ. ನಾಲಿಗೆ ಮೇಲೆ ಜಿಡ್ಡು ಹರಡಿದಂತಿದ್ದರೆ ಅನುಮಾನ ಪಡಿ.

ತಳದಗಸಿ:
ಗಸಿ ಎರಡು ಥರ. ಕ್ರೀಕ್ ಬಾಟಲಿಯ ತಳದ್ದು ಈಸ್ಟ್ ಆಗಿದ್ದರೆ ಹಿಟ್ಟಿನ ವಾಸನೆ ಬಂದು ಚೆರ್ರಿ ಮಂಕಾಗುತ್ತೆ: ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಕೊನೆಯ ಎರಡು ಸೆಂಟಿಮೀಟರ್ ಬಿಟ್ಟುಬಿಡಿ. ಕ್ಯಾನ್‌ನ ತಳದ್ದು ಹಣ್ಣಿನ ತಿರುಳು, ಅದು ಬೇಕು. ಅಲುಗಾಡಿಸಬೇಡಿ, ಮುಚ್ಚಿದ ಕ್ಯಾನನ್ನು ನಿಧಾನ ತಲೆಕೆಳಗು ಮಾಡಿ ಅರ್ಧ ನಿಮಿಷ ಬಿಟ್ಟು, ಮತ್ತೆ ನೇರ ನಿಲ್ಲಿಸಿ ಎರಡು ನಿಮಿಷ ಕಳೆದು ತೆರೆಯಿರಿ. ಸಿಂಕ್ ಮೇಲೆ.

ಕ್ಯಾನ್ ಉಬ್ಬಿದ್ದರೆ ತೆರೆಯಲೇಬೇಡಿ. ಹುದುಗದೆ ಉಳಿದ ಹಣ್ಣಿನ ಸಕ್ಕರೆ ಬೆಚ್ಚಗಾದ ಕೂಡಲೇ ಮತ್ತೆ ಹುದುಗುತ್ತೆ, ಕ್ಯಾನ್ ಒಡೆಯೋದೂ ಉಂಟು. ತಿರುಳಿನ ಬಿಯರ್ ಸದಾ ಫ್ರಿಜ್‌ನಲ್ಲೇ ಇರಬೇಕು.

ಗುಟುಕು_21:
ಧನ್ಯವಾದ. ಜೊತೆಗೆ ಚಾಕೊಲೇಟ್ ಕೇಕ್ ಇಡಬಹುದಾ?

ಹುಳಿಮೂಗು:
ಟಿಪ್ಪಣಿ ಮುಗಿಯೋವರೆಗೆ ನೀರು, ಉಪ್ಪಿಲ್ಲದ ಬ್ರೆಡ್ ಅಷ್ಟೇ. ಬಿಯರ್‌ಗಿಂತ ಸಿಹಿಯಾದ ತಿಂಡಿ ಬಿಯರನ್ನು ಹುಳಿ, ತೆಳು ಮಾಡಿಬಿಡುತ್ತೆ, ಅದರಲ್ಲಿ ಕೇಕ್ ಮೊದಲನೆಯದು. ಆಮೇಲೆ ಸ್ಟೌಟ್‌ಗೆ 70% ಡಾರ್ಕ್ ಚಾಕೊಲೇಟ್, ಕ್ರೀಕ್‌ಗೆ ಉಪ್ಪಾದ ನೀಲಿ ಚೀಸ್ ಇಡಿ.

ನೊರೆಲೆಕ್ಕ:
ಮಿಕ್ಕ ಸ್ಟೌಟ್ ಬಿಗಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನಕ್ಕೂ ನಡೆಯುತ್ತೆ. ಕ್ಯಾನ್ ಅವತ್ತೇ ಮುಗಿಸಿ.