ಹೊಸ ಗ್ರಾಫಿಕ್ಸ್ ಕಾರ್ಡ್, ಹೆಚ್ಚುವರಿ ರ‍್ಯಾಮ್ ಹಾಕಿದ ಮೇಲೆ ಆಟ ಅರ್ಧಕ್ಕೇ ಮುಚ್ಚಿಹೋಗುತ್ತಿದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 550 ವ್ಯಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಹಳೆಯ ಜಿಟಿಎಕ್ಸ್ 1650 ತೆಗೆದು ಆರ್‌ಟಿಎಕ್ಸ್ 4060 ಹಾಕಿದೆ. ಅದೇ ದಿನ 8 ಜಿಬಿಯ ಇನ್ನೆರಡು ರ‍್ಯಾಮ್ ಸ್ಟಿಕ್ ಸೇರಿಸಿ 16 ಜಿಬಿಯನ್ನು 32 ಮಾಡಿದೆ. ಅಂದಿನಿಂದ ಸೈಬರ್‌ಪಂಕ್ 2077 ಆಡುತ್ತಿರುವಾಗಲೇ ಚಿತ್ರ ನಿಂತು, ಸದ್ದು ಒಂದೇ ಸ್ವರದಲ್ಲಿ ಗುಂಯ್‌ಗುಟ್ಟಿ, ಆಟ ಮುಚ್ಚಿ ಡೆಸ್ಕ್‌ಟಾಪ್ ಬಂದುಬಿಡುತ್ತದೆ. ಒಮ್ಮೆ ಶುರುವಾದ ಸ್ವಲ್ಪ ಹೊತ್ತಿಗೇ, ಇನ್ನೊಮ್ಮೆ ಗಂಟೆಗಟ್ಟಲೆ ಆಡಿದ ಮೇಲೆ. ಕಂಪ್ಯೂಟರ್ ಮಾತ್ರ ಆರುವುದಿಲ್ಲ. ವಿಂಡೋಸ್ ದೋಷಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಸಿ0000005 ಎಂದು ಕೊನೆಯಾಗುವ ದೋಷಸಂಖ್ಯೆ ಇದೆ, ಪಕ್ಕದಲ್ಲಿರುವ ಫೈಲಿನ ಹೆಸರು ಬದಲಾಗುತ್ತಿರುತ್ತದೆ. ಕಾರ್ಡಿನ ಬಿಸಿ 67 ಡಿಗ್ರಿ ದಾಟಿಲ್ಲ. ಡಿಡಿಯು ಎಂಬ ತಂತ್ರಾಂಶ ಬಳಸಿ ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದನ್ನು ಹಾಕಿದ್ದೇನೆ. ಸಂಬಂಧವಿದೆಯೋ ಇಲ್ಲವೋ, ಮೊನ್ನೆ ದೊಡ್ಡ ಜಿಪ್ ಫೈಲೊಂದನ್ನು ಬಿಚ್ಚುವಾಗ ಸಿಆರ್‌ಸಿ ದೋಷ (ಬಿಚ್ಚಿದ್ದು ಮೂಲದೊಂದಿಗೆ ತಾಳೆಯಾಗುತ್ತಿಲ್ಲ) ಎಂದಿತು. ಮತ್ತೆ ಬಿಚ್ಚಿದರೆ ಸರಿಯಾಗಿಯೇ ಬಂತು. ಕಾರ್ಡನ್ನು ಅಂಗಡಿಗೆ ಹಿಂದಿರುಗಿಸಲು ಈ ವಾರವಷ್ಟೇ ಅವಕಾಶ. ಕಾರ್ಡೇ ಕೆಟ್ಟಿದೆಯೇ?

ಘಟ್ಟದಕೆಳಗೆ:
550 ವ್ಯಾಟ್ ಸಾಲುತ್ತಿಲ್ಲ ಅನ್ನಿಸುತ್ತದೆ. 650ರ ಎಸ್‌ಎಂಪಿಎಸ್ ಹಾಕಿ ನೋಡಿ. ನನ್ನ ತಮ್ಮ ಕಾರ್ಡ್ ಬದಲಿಸಿದಾಗ ಹೀಗೇ ಆಗಿತ್ತು.

ಬೆಸುಗೆಮನೆ:
ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ, ಕಾರ್ಡನ್ನೂ ಹಿಂದಿರುಗಿಸಬೇಡಿ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿಯೇ ನನ್ನ ಕಸುಬು. ಗಾಬರಿಯಲ್ಲಿ ಜನ ಸರಿಯಿರುವ ವಸ್ತುವನ್ನೇ ಬದಲಿಸಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಸ್‌ಎಂಪಿಎಸ್ ಲೆಕ್ಕ ನೋಡೋಣ. 4060 ಕಾರ್ಡಿನ ಪಾಲು 115 ವ್ಯಾಟ್, ನಿಮ್ಮ ಪ್ರೊಸೆಸರಿನದು ಹೆಚ್ಚೆಂದರೆ 88. ಬೋರ್ಡು, ಡಿಸ್ಕು, ಫ್ಯಾನು ಸೇರಿಸಿದರೂ 300ರ ಒಳಗೇ. ವಿದ್ಯುತ್ ಸಾಲದಿದ್ದರೆ ಸಾಮಾನ್ಯವಾಗಿ ಇಡೀ ಯಂತ್ರವೇ ಫಕ್ಕನೆ ಆರುತ್ತದೆ, ಮತ್ತೆ ಚಾಲೂ ಮಾಡಿದಾಗ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ನಿಮಗೆ ಅದ್ಯಾವುದೂ ಆಗಿಲ್ಲ.

ಸಂಬಂಧವಿದೆಯೋ ಇಲ್ಲವೋ ಎಂದು ಬರೆದ ಜಿಪ್ ಫೈಲಿನ ಮಾತೇ ನನಗೆ ಮುಖ್ಯವಾಗಿ ಕಂಡಿತು. ಅದನ್ನು ಬಿಚ್ಚುವುದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಾತ್ರವಿಲ್ಲ. ಫೈಲೇ ಹಾಳಾಗಿದ್ದರೆ ಎರಡನೆಯ ಸಲವೂ ಬಿಚ್ಚುತ್ತಿರಲಿಲ್ಲ. ಅಂದರೆ ಡಿಸ್ಕಿನಲ್ಲಿ ಸರಿಯಿದ್ದದ್ದು ರ‍್ಯಾಮಿಗೆ ಬಂದಾಗ ಎಲ್ಲೋ ಒಂದು ಬಿಟ್ ತಿರುವುಮುರುವಾಗಿದೆ. ಆ ದೋಷಸಂಖ್ಯೆಯ ಅರ್ಥವೂ ಪ್ರೋಗ್ರಾಂ ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಕೈಹಾಕಿತು ಎಂದು. ಪ್ರತಿ ಸಲ ಬೇರೆ ಫೈಲ್ ಸಿಕ್ಕಿಬೀಳುತ್ತಿದೆಯೆಂದರೆ ಯಾವ ಫೈಲಿನದೂ ತಪ್ಪಿಲ್ಲ, ಎಲ್ಲವೂ ನಿಂತಿರುವ ನೆಲವೇ ಅಲುಗಾಡುತ್ತಿದೆ.

ನಿಮ್ಮ ರ‍್ಯಾಮ್ 3200ರ ಎಕ್ಸ್‌ಎಂಪಿಯಲ್ಲಿ, ಅಂದರೆ ತಯಾರಕರು ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್‌ನಲ್ಲಿ, ಓಡುತ್ತಿರಬೇಕು. ಎಎಂಡಿ ಈ ಪ್ರೊಸೆಸರಿಗೆ 3200 ಎಂದು ಹೇಳಿರುವುದು ಎರಡು ಸ್ಟಿಕ್ ಹಾಕಿದಾಗ. ನಾಲ್ಕು ಹಾಕಿದರೆ ಸಿಂಗಲ್ ರ‍್ಯಾಂಕ್ (ಚಿಪ್‌ಗಳ ಒಂದೇ ಗುಂಪು) ಆಗಿದ್ದರೆ 2933, ಎರಡು ಗುಂಪಿನ ಡ್ಯುಯಲ್ ರ‍್ಯಾಂಕ್ ಆಗಿದ್ದರೆ 2667. ಅದಕ್ಕಿಂತ ಹೆಚ್ಚು ಓಡಿದರೆ ಅದೃಷ್ಟ. ಅದರ ಮೇಲೆ ಎರಡು ಜೋಡಿಗಳ ಟೈಮಿಂಗ್, ಅಂದರೆ ಪ್ರತಿ ಹಂತಕ್ಕೂ ಕಾಯುವ ಲೆಕ್ಕ, ಬೇರೆಯಿದ್ದರೆ, ಒಂದು ಜೋಡಿಯ ಎಕ್ಸ್‌ಎಂಪಿ ಇನ್ನೊಂದಕ್ಕೂ ಅನ್ವಯಿಸಿ ಅದು ತಾಳಲಾರದೆ ಹೋಗುವುದುಂಟು. ಸ್ಟಿಕ್ಕಿನ ಮೇಲಿನ ಚೀಟಿಯಲ್ಲಿ 16-18-18 ಎಂಬಂತೆ ಬರೆದಿರುತ್ತದೆ, ಓದಿ ತಿಳಿಸಿ.

ಬಯೋಸ್‌ಗೆ (ಕಂಪ್ಯೂಟರ್ ಚಾಲೂ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗೆ) ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ ಆಡಿ ನೋಡಿ. ವೇಗ ಕಡಿಮೆಯಾಗುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಆಮೇಲೆ ಪೆನ್‌ಡ್ರೈವ್‌ನಲ್ಲಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ, ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ರಾತ್ರಿ ಓಡಲು ಬಿಡಿ. ಒಂದೇ ಒಂದು ದೋಷ ಬಂದರೂ ಅದು ದೋಷವೇ, ಅಷ್ಟೇ ತಾನೇ ಎಂದು ಬಿಡಬೇಡಿ. ಬಂದರೆ ಹೊಸ ಜೋಡಿಯನ್ನಷ್ಟೇ ಹಾಕಿ ಪರೀಕ್ಷಿಸಿ, ಆಮೇಲೆ ಹಳೆಯದನ್ನು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ತುಂಗಾತೀರ:
ಹೇಳಿದಂತೆಯೇ ಮಾಡಿದೆ ಸರ್. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ಆಟ ಒಮ್ಮೆಯೂ ಮುಚ್ಚಲಿಲ್ಲ. ಮತ್ತೆ ಆನ್ ಮಾಡಿದ ರಾತ್ರಿ ಮೆಮ್‌ಟೆಸ್ಟ್‌ನಲ್ಲಿ ಕೆಂಪು ಸಾಲುಗಳು ಬಂದವು. ಆದರೆ ಪ್ರತಿ ಜೋಡಿಯನ್ನೂ ಒಂಟಿಯಾಗಿ ಹಾಕಿದಾಗ ದೋಷವೇ ಇಲ್ಲ. ಹಳೆಯದರ ಚೀಟಿಯಲ್ಲಿ 16-18-18-38, ಹೊಸದರಲ್ಲಿ 22-22-22-52. ನಾಲ್ಕೂ ಸಿಂಗಲ್ ರ‍್ಯಾಂಕ್ ಎಂದು ಸಿಪಿಯು-ಝಡ್ ತಂತ್ರಾಂಶ ತೋರಿಸಿತು.

ಬೆಸುಗೆಮನೆ:
ಹಾಗಾದರೆ ಸ್ಟಿಕ್‌ಗಳು ಆರೋಗ್ಯವಾಗಿವೆ, ಕಾರ್ಡೂ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ. ನಾಲ್ಕನ್ನೂ ಹಾಕಿ ವೇಗ 2933, ಟೈಮಿಂಗ್ 22-22-22-52 ಎಂದು ಕೈಯಾರೆ ಕೊಡಿ, ಮೆಮ್‌ಟೆಸ್ಟ್ ಇನ್ನೊಂದು ರಾತ್ರಿ ಓಡಿಸಿ. ದೋಷ ಬಂದರೆ 2667ಕ್ಕೆ ಇಳಿಸಿ.

ಘಟ್ಟದಕೆಳಗೆ:
ನಾನು ಎಸ್‌ಎಂಪಿಎಸ್ ಎಂದೇ ನಂಬಿದ್ದೆ. ಈ ಲೆಕ್ಕ ಬರೆದಿಟ್ಟುಕೊಂಡೆ. 3200ರಿಂದ 2933ಕ್ಕೆ ಇಳಿದರೆ ಆಟದಲ್ಲಿ ವ್ಯತ್ಯಾಸ ಕಾಣುತ್ತದೆಯೇ?

ತುಂಗಾತೀರ:
ನನ್ನ ಕಣ್ಣಿಗೆ ಕಾಣಲಿಲ್ಲ. 2933ರಲ್ಲಿ ಮೆಮ್‌ಟೆಸ್ಟ್ ಚೊಕ್ಕವಾಗಿ ಮುಗಿಯಿತು, ನಿನ್ನೆ ರಾತ್ರಿಯಿಡೀ ಆಡಿದೆ. ತುಂಬಾ ಧನ್ಯವಾದ ಸರ್.

ಬೆಸುಗೆಮನೆ:
ಸಂತೋಷ. ಒಂದು ಕೆಲಸ ಬಾಕಿಯಿದೆ. ರ‍್ಯಾಮ್ ತಪ್ಪು ಮಾಡುತ್ತಿದ್ದ ದಿನಗಳಲ್ಲಿ ಡಿಸ್ಕಿಗೆ ಬರೆದದ್ದೆಲ್ಲ ಅನುಮಾನವೇ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ, ವಿಂಡೋಸ್ ತನ್ನ ಫೈಲುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆಟದ ಫೈಲುಗಳನ್ನೂ ವೆರಿಫೈ ಮಾಡಿ. ಮೊಬೈಲಿನಿಂದಲೋ ಕ್ಯಾಮೆರಾದಿಂದಲೋ ಆಗ ಫೋಟೊ ನಕಲಿಸಿದ್ದರೆ, ಮತ್ತೊಮ್ಮೆ ನಕಲಿಸಿ ಒಂದೊಂದನ್ನೂ ತೆರೆದು ನೋಡುವವರೆಗೆ ಮೂಲವನ್ನು ಅಳಿಸಬೇಡಿ.