ಸಹಾಯ ಬೇಕು: ಇಸಿ ಓದ್ತಿದೀನಿ, ಎಂಬಿಬಿಎಸ್ ಮಾಡ್ಬೇಕು. ಬಯಾಲಜಿ ಸಮಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಇಂಜಿನಿಯರಿಂಗ್), ಆರನೇ ಸೆಮಿಸ್ಟರ್. ಹೋದ ವರ್ಷದಿಂದ ಅಪ್ಪನಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಗಂಟೆ ಪಕ್ಕದಲ್ಲೇ ಕೂತಿರ್ತೀನಿ. ಮೊದಮೊದಲು ಮಷಿನ್ ಒಳಗೆ ಏನಿದೆ ಅಂತ ನೋಡ್ತಿದ್ದೆ. ಆಮೇಲೆ ಒಂದಿನ ನರ್ಸಕ್ಕ ಅಪ್ಪನ ಕೈ ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿರೋ ಜಾಗ) ಮೇಲೆ ನನ್ನ ಬೆರಳು ಇಡ್ಸಿದ್ರು. ಒಳಗೆ ರಕ್ತ ಗುಯ್ ಅಂತ ನಡುಗ್ತಿತ್ತು. ಅವತ್ತಿಂದ ತಲೇಲಿ ಬೇರೇನೂ ಇಲ್ಲ.

ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ 2022ರಲ್ಲೇ ಹೋಗಿದೆ, ಅದು ಗೊತ್ತು. ತೊಂದರೆ ಇರೋದು ಪಿಯುಸಿಲಿ. ನಂದು ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್). ಬಯಾಲಜಿ ಬಿಟ್ಟಿದ್ದು ಎಸ್ಸೆಸ್ಸೆಲ್ಸಿಗೇ (ಕಪ್ಪೆ ಚಿತ್ರ ಬರೆಯೋಕೆ ಸೋಮಾರಿತನ!). ಈಗ ನೀಟ್‌ನ 180 ಪ್ರಶ್ನೆಲಿ 90 ಅದೇ. 12ನೇ ತರಗತಿ ಆದ್ಮೇಲೆ ಬಯಾಲಜಿನ ಹೆಚ್ಚುವರಿ ವಿಷಯವಾಗಿ ಪಾಸ್ ಮಾಡಿದ್ರೂ ನೀಟ್ ಬರೀಬಹುದು ಅಂತ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2023ರ ನವೆಂಬರಲ್ಲಿ ನೋಟಿಸ್ ಹೊರಡಿಸಿದೆ. ಅದನ್ನ ನಂಬ್ಕೊಂಡು ಎನ್‌ಐಒಎಸ್‌ನಲ್ಲಿ (ಕೇಂದ್ರದ ಮುಕ್ತ ಶಾಲಾ ಬೋರ್ಡು) ಅದೊಂದೇ ವಿಷಯ ಕಟ್ಟೋಣ ಅಂತಿದೀನಿ.

ಒಂದು ಕೋಚಿಂಗ್ ಸೆಂಟರಲ್ಲಿ ವಿಚಾರಿಸಿದೆ, "ಮೊದ್ಲು ಅಡ್ಮಿಷನ್ ಮಾಡ್ಸಿ, ಆಮೇಲೆ ನೋಡೋಣ" ಅಂದ್ರು. ನಮ್ಮ ಲೆಕ್ಚರರ್ ನಕ್ಕು ಸುಮ್ಮನಾದ್ರು. ಅಮ್ಮನಿಗೆ ಇನ್ನೂ ಹೇಳಿಲ್ಲ. ಡಿಗ್ರಿ ಅಂತೂ ಮುಗಿಸ್ತೀನಿ, ಮಧ್ಯ ಬಿಡಲ್ಲ.

ನನ್ನ ಪ್ರಶ್ನೆ ಇಷ್ಟೇ: ಪಿಯು ಬೋರ್ಡಿನ ಪಿಸಿಎಂಸಿ ಅಂಕಪಟ್ಟಿ ಜೊತೆ ಎನ್‌ಐಒಎಸ್ ಬಯಾಲಜಿ ಅಂಕಪಟ್ಟಿ ಬೇರೆಯಾಗಿ ಕೊಟ್ಟು, ಕೆಇಎ (ರಾಜ್ಯದಲ್ಲಿ ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆ ದಾಟಿ ಮೆಡಿಕಲ್ ಸೀಟು ತಗೊಂಡೋರು ಇಲ್ಲಿ ಯಾರಾದ್ರೂ ಇದೀರಾ? ಪ್ರಾಕ್ಟಿಕಲ್ ಅಂಕದ ಬಗ್ಗೆ ಅಲ್ಲಿ ಏನಾದ್ರೂ ತಕರಾರು ತೆಗೆದ್ರಾ?